ಯುವಜನರ ಹೊರಾಂಗಣ ಶಿಕ್ಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಹರೆಯದವರೊಂದಿಗೆ ಬೆಟ್ಟ, ಕಾಡು, ಹೊಳೆಗಳ ನಡುವೆ ಶಿಬಿರ ನಡೆಸುತ್ತ ಬಂದ ವರ್ಷಗಳಲ್ಲಿ ತಂದೆತಾಯಿಯರು, ಶಿಕ್ಷಕರು, ಶಿಬಿರಕ್ಕೆ ಹೊರಟ ಮಕ್ಕಳು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಬಹುಮಟ್ಟಿಗೆ ಕೇಳಿದವರ ಮಾತಿನಲ್ಲೇ ಇವೆ. ವಿಷಯಕ್ಕೆ ಹೊಸಬರು ಮೊದಲಿನಿಂದ ಓದಬಹುದು. ಸ್ವತಃ ಶಿಬಿರ ನಡೆಸುವವರಿಗೆ ಕೊನೆಯ ಭಾಗ ಹೆಚ್ಚು ಉಪಯೋಗಕ್ಕೆ ಬಂದೀತು.

## ಮೊದಲು ತಿಳಿಯಬೇಕಾದದ್ದು

ಹೊರಾಂಗಣ ಶಿಕ್ಷಣ ಅಂದರೇನು? ಪಿಕ್ನಿಕ್ಕಿಗೂ ಇದಕ್ಕೂ ಏನು ವ್ಯತ್ಯಾಸ?

ಪಿಕ್ನಿಕ್ಕಿನಲ್ಲಿ ಊಟ, ದಾರಿ, ಹೊತ್ತು ಎಲ್ಲವನ್ನೂ ದೊಡ್ಡವರು ಮೊದಲೇ ಗೊತ್ತುಮಾಡಿರುತ್ತಾರೆ. ಮಕ್ಕಳು ಹೋಗಿ ಬರುತ್ತಾರೆ. ಹೊರಾಂಗಣ ಶಿಕ್ಷಣದಲ್ಲಿ ಆ ಗೊತ್ತುಮಾಡುವ ಕೆಲಸವೇ ಪಾಠ. ಎಂಟು ಹತ್ತು ಮಂದಿಯ ಸಣ್ಣ ತಂಡವೊಂದು ಕೆಲವು ದಿನಗಳ ಕಾಲ ತನ್ನ ಸಾಮಾನನ್ನು ತಾನೇ ಹೊತ್ತು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕಿ, ಸರದಿಯಂತೆ ಅಡುಗೆ ಮಾಡಿ, ರಾತ್ರಿ ಟೆಂಟನ್ನು ಎಲ್ಲಿ ಹಾಕಬೇಕೆಂದು ತಾನೇ ತೀರ್ಮಾನಿಸುತ್ತದೆ ಮತ್ತು ಆ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಮರುದಿನ ಬೆಳಗಾಗುವಷ್ಟರಲ್ಲಿ ಅನುಭವಿಸಿ ತಿಳಿಯುತ್ತದೆ. ಚಾರಣ, ಬಂಡೆ ಹತ್ತುವುದು, ದೋಣಿ ನಡೆಸುವುದು ಇವೆಲ್ಲ ಇದರ ಸಾಧನಗಳು. ಈ ಚಟುವಟಿಕೆಗಳಿದ್ದೂ ತೀರ್ಮಾನಗಳೆಲ್ಲ ದೊಡ್ಡವರ ಕೈಯಲ್ಲೇ ಉಳಿದಿದ್ದರೆ ಅದು ಒಳ್ಳೆಯ ಪ್ರವಾಸವಾಗಬಹುದು, ಆದರೆ ಈ ಪುಟದಲ್ಲಿ ಹೇಳುತ್ತಿರುವ ಶಿಕ್ಷಣವಾಗುವುದಿಲ್ಲ.

ಈ ಪದ್ಧತಿ ಶುರುವಾದದ್ದು ಎಲ್ಲಿ, ಯಾರಿಂದ?

ಒಬ್ಬರ ಹೆಸರು ಹೇಳುವುದು ಕಷ್ಟ. 1907ರ ಆಗಸ್ಟಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇರೆ ಬೇರೆ ಸಾಮಾಜಿಕ ಹಿನ್ನೆಲೆಯ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ನಡೆಸಿದ ಶಿಬಿರ ಸ್ಕೌಟ್ ಚಳವಳಿಗೆ ನಾಂದಿಯಾಯಿತು. ನಾಯಕತ್ವವನ್ನೂ ವ್ಯಕ್ತಿತ್ವವನ್ನೂ ಕೇಂದ್ರದಲ್ಲಿಟ್ಟ ಇಂದಿನ ಮಾದರಿಗೆ ಮಾತ್ರ ಕರ್ಟ್ ಹಾನ್ ಎಂಬ ಶಿಕ್ಷಣತಜ್ಞರ ಋಣ ಹೆಚ್ಚು. ನಾಜಿಗಳನ್ನು ಬಹಿರಂಗವಾಗಿ ವಿರೋಧಿಸಿ ಜರ್ಮನಿಯನ್ನು ಬಿಡಬೇಕಾಗಿ ಬಂದ ಹಾನ್, 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ಕಟ್ಟಿದರು. ಯುದ್ಧದ ನಡುವೆ, 1941ರಲ್ಲಿ, ಹಡಗು ಕಂಪನಿಯೊಂದರ ಮಾಲೀಕರಾಗಿದ್ದ ಲಾರೆನ್ಸ್ ಹೋಲ್ಟ್ ಅವರ ಜೊತೆ ಸೇರಿ ವೇಲ್ಸ್‌ನ ಅಬರ್ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯನ್ನು ತೆರೆದರು. ದಾಳಿಗೆ ಸಿಕ್ಕಿ ಹಡಗು ಮುಳುಗಿದಾಗ ರಕ್ಷಣಾ ದೋಣಿಯಲ್ಲಿ ಗಟ್ಟಿಮುಟ್ಟಾದ ಕಿರಿಯ ನಾವಿಕರು ಸೋಲುತ್ತಿದ್ದಾರೆ, ಅನುಭವಿಗಳಾದ ಹಿರಿಯರು ಬದುಕಿ ಬರುತ್ತಿದ್ದಾರೆ ಎಂಬುದು ಹೋಲ್ಟ್ ಅವರನ್ನು ಕಾಡುತ್ತಿದ್ದ ಸಂಗತಿ. ಮೈಬಲವಿದ್ದ ಮಾತ್ರಕ್ಕೆ ಎದೆಗಾರಿಕೆ ಬರುವುದಿಲ್ಲ ಎಂಬ ಆ ಕಾಣ್ಕೆಯ ಮೇಲೆಯೇ ಅಲ್ಲಿನ 28 ದಿನಗಳ ಶಿಕ್ಷಣಕ್ರಮ ನಿಂತಿತು.

ಹಾನ್ ಅವರ ಪ್ರೇರಣೆಯಿಂದಲೇ 1956ರಲ್ಲಿ ಬ್ರಿಟನ್ನಿನಲ್ಲಿ ಯುವಜನರಿಗಾಗಿ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆ ಬಂದಿತು. 1938ರಲ್ಲಿ ಕೆ2 ಶಿಖರವನ್ನು ಹತ್ತಲು ಹೊರಟ ತಂಡದಲ್ಲಿದ್ದ ಅಮೆರಿಕದ ಪರ್ವತಾರೋಹಿ ಪಾಲ್ ಪೆಟ್‌ಜೋಲ್ಟ್ 1965ರಲ್ಲಿ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್, ಅಂದರೆ ನೋಲ್ಸ್, ಎಂಬ ಸಂಸ್ಥೆಯನ್ನು ಆರಂಭಿಸಿ, ಹೊರಾಂಗಣ ನಾಯಕರನ್ನು ತಯಾರು ಮಾಡುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು.

ಮಗುವಿಗೆ ಎಷ್ಟು ವಯಸ್ಸಾಗಿರಬೇಕು? ಎರಡು ದಿನದ ಶಿಬಿರ ಸಾಕಲ್ಲವೇ?

ಎಂಟು ಹತ್ತು ವರ್ಷದ ಮಕ್ಕಳಿಗೆ ಒಂದೆರಡು ರಾತ್ರಿ ಮನೆಯಿಂದ ಹೊರಗೆ ಮಲಗುವುದೇ ದೊಡ್ಡ ಪಾಠ. ಅವರಿಗೆ ಎರಡು ದಿನ ಧಾರಾಳವಾಗಿ ಸಾಕು. ತಂಡವನ್ನು ನಡೆಸುವ ಹೊಣೆ, ದೀರ್ಘ ಚಾರಣ ಇವುಗಳಿಗೆ ಹದಿಮೂರು ಹದಿನಾಲ್ಕರ ನಂತರದ ವಯಸ್ಸು ಹೊಂದುತ್ತದೆ. ಈ ವಯಸ್ಸಿನವರಿಗೆ ಎರಡು ದಿನ ಸಾಲದು. ಮೊದಲ ಎರಡು ದಿನ ಎಲ್ಲರೂ ಅತಿಥಿಗಳಂತೆ ನಯವಾಗಿ ನಡೆದುಕೊಳ್ಳುತ್ತಾರೆ. ಮೂರನೆಯ ದಿನ ದಣಿವು ಹೆಚ್ಚಿ, ಪಾತ್ರೆ ತೊಳೆಯುವವರು ಯಾರು ಎಂಬ ಜಗಳ ಹುಟ್ಟುತ್ತದೆ. ಆ ಜಗಳವನ್ನು ಹುಟ್ಟಲು ಬಿಟ್ಟು, ಅದು ಬಗೆಹರಿಯಲು ಬೇಕಾದಷ್ಟು ದಿನಗಳನ್ನು ಕೊಡುವ ಶಿಬಿರ ನನ್ನ ಅನುಭವದಲ್ಲಿ ಕನಿಷ್ಠ ಐದು ದಿನಗಳದ್ದಾಗಿರಬೇಕು.

ನನ್ನ ಮಗಳು ತುಂಬಾ ಸಂಕೋಚದ ಸ್ವಭಾವದವಳು, ಆಟೋಟದಲ್ಲೂ ಹಿಂದೆ. ಅವಳಿಗೆ ಇದು ಆಗಿಬರುತ್ತದೆಯೇ?

ಖಂಡಿತ ಆಗಿಬರುತ್ತದೆ, ಮತ್ತು ಅವಳಂಥವರಿಗೇ ಇದರ ಲಾಭ ಹೆಚ್ಚು ಎಂದು ನಾನು ನಂಬಿದ್ದೇನೆ. ಶಾಲೆಯ ಮೈದಾನದಲ್ಲಿ ವೇಗವಾಗಿ ಓಡುವವರಿಗೆ, ತರಗತಿಯಲ್ಲಿ ಬೇಗ ಉತ್ತರಿಸುವವರಿಗೆ ಬೆಲೆ. ಐದಾರು ದಿನ ಒಟ್ಟಿಗೆ ನಡೆಯುವ ತಂಡಕ್ಕೆ ಬೇಕಾದ ಗುಣಗಳ ಪಟ್ಟಿ ಬೇರೆಯೇ ಆಗಿರುತ್ತದೆ: ಜೊತೆಗಾರನ ಕಾಲಿನಲ್ಲಿ ಬೊಬ್ಬೆ ಏಳುತ್ತಿರುವುದನ್ನು ಮೊದಲು ಗಮನಿಸುವ ಕಣ್ಣು, ಮಳೆಯಲ್ಲೂ ಸ್ಟವ್ ಹಚ್ಚುವ ತಾಳ್ಮೆ, ತನ್ನ ಪಾಲಿನ ನೀರನ್ನು ಹಂಚಿಕೊಳ್ಳುವ ಮನಸ್ಸು. ಮಾತು ಕಡಿಮೆಯಿರುವ ಮಕ್ಕಳಲ್ಲಿ ಈ ಗುಣಗಳು ಬೇಕಾದಷ್ಟಿರುವುದನ್ನೂ, ನಾಲ್ಕನೆಯ ದಿನದ ಹೊತ್ತಿಗೆ ತಂಡ ಅವರ ಕಡೆ ತಿರುಗಿ ಅಭಿಪ್ರಾಯ ಕೇಳುವುದನ್ನೂ ಅನೇಕ ಬಾರಿ ನೋಡಿದ್ದೇನೆ. ದೈಹಿಕ ಸಿದ್ಧತೆಗೆ ಶಿಬಿರಕ್ಕೆ ಮೊದಲು ಒಂದು ತಿಂಗಳು ದಿನವೂ ಒಂದು ಗಂಟೆ ನಡೆದರೆ ಆಯಿತು. ಹೊಸ ಶೂ ಕೊಂಡಿದ್ದರೆ ಅದನ್ನೇ ಹಾಕಿಕೊಂಡು ನಡೆಯಲಿ.

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಶಿಬಿರಕ್ಕೆ ಬರಬಹುದೇ?

ಬರಬಹುದು. ಬಳಸಿದ ಪ್ಯಾಡುಗಳನ್ನು ಕಾಡಿನಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ; ಹೊರಗೆ ಕಾಣದ, ಗಟ್ಟಿಯಾಗಿ ಮುಚ್ಚುವ ಚೀಲದಲ್ಲಿ ಹಾಕಿ ವಾಪಸು ತರಬೇಕು. ಈ ವ್ಯವಸ್ಥೆಯನ್ನು ಹೊರಡುವ ಮುನ್ನವೇ ಹುಡುಗಿಯರಿಗೆ ಮಹಿಳಾ ಮಾರ್ಗದರ್ಶಕಿಯೊಬ್ಬರು ಮುಚ್ಚುಮರೆಯಿಲ್ಲದೆ ಹೇಳಬೇಕು. ಹುಡುಗಿಯರಿರುವ ತಂಡಕ್ಕೆ ಮಹಿಳಾ ಮಾರ್ಗದರ್ಶಕಿಯೇ ಇಲ್ಲದಿದ್ದರೆ ಆ ಕಾರ್ಯಕ್ರಮವನ್ನು ನಾನು ಶಿಫಾರಸು ಮಾಡುವುದಿಲ್ಲ.

## ಕಲಿಕೆ ನಡೆಯುವ ಬಗೆ

ಬೆಟ್ಟ ಹತ್ತಿದರೆ ನಾಯಕತ್ವ ಹೇಗೆ ಬರುತ್ತದೆ? ಇದು ನನಗೆ ಅರ್ಥವೇ ಆಗುತ್ತಿಲ್ಲ.

ಬೆಟ್ಟ ಹತ್ತಿದ ಮಾತ್ರಕ್ಕೆ ಬರುವುದಿಲ್ಲ. ನಿಮ್ಮ ಸಂಶಯ ನ್ಯಾಯವಾದದ್ದು. ನಾಯಕತ್ವವನ್ನು ಬೆಳೆಸುವುದು ಅಲ್ಲಿನ ಸನ್ನಿವೇಶದ ಕೆಲವು ಗುಣಗಳು, ಮತ್ತು ಅವು ತರಗತಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ತರಗತಿಯಲ್ಲಿ ತಪ್ಪು ಮಾಡಿದರೆ ಅದನ್ನು ತಪ್ಪೆಂದು ಹೇಳಲು ಶಿಕ್ಷಕರು ಬೇಕು, ಫಲ ಕೆಲವು ವಾರಗಳ ನಂತರ ಅಂಕವಾಗಿ ಬರುತ್ತದೆ, ಮತ್ತು ಆ ಅಂಕ ಒಬ್ಬನಿಗೇ ಸೇರಿದ್ದು. ಹೊರಗೆ ಹಾಗಲ್ಲ. ತಗ್ಗಿನ ಜಾಗ ಮೆತ್ತಗಿದೆಯೆಂದು ಅಲ್ಲಿ ಟೆಂಟ್ ಹಾಕಿದ ತಂಡಕ್ಕೆ ರಾತ್ರಿ ಮಳೆ ಬಂದರೆ ನೀರು ಒಳಗೆ ನುಗ್ಗಿದಾಗಲೇ ತಪ್ಪು ತಿಳಿಯುತ್ತದೆ. ಯಾರೂ ಬೈಯಬೇಕಾಗಿಲ್ಲ, ಉಪದೇಶವೂ ಬೇಕಾಗಿಲ್ಲ. ನಿರ್ಧರಿಸಿದವನು ಒಬ್ಬನಾದರೂ ಒದ್ದೆಯಾದವರು ಎಲ್ಲರೂ ಆದ್ದರಿಂದ, ತನ್ನ ಮಾತು ಬೇರೆಯವರ ಮೈಮೇಲೆ ಬೀಳುತ್ತದೆ ಎಂಬ ಅರಿವು ಹದಿನೈದು ವರ್ಷದ ಹುಡುಗನಿಗೆ ಆ ರಾತ್ರಿ ಬರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಬರಲಾರದು.

ಪ್ರಕೃತಿಗೆ ಪಕ್ಷಪಾತವಿಲ್ಲ ಎಂಬುದೂ ದೊಡ್ಡ ಸಂಗತಿ. ಮಳೆ ಯಾರ ಮಗ, ಎಷ್ಟು ಅಂಕ ತೆಗೆದವನು ಎಂದು ನೋಡುವುದಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಸದಾ ಇನ್ನೊಬ್ಬರ ತೀರ್ಪಿಗೆ ಒಳಗಾಗಿ ಬೆಳೆದ ಮಕ್ಕಳು ಇಲ್ಲಿ ಮೊದಲ ಬಾರಿಗೆ ತಮ್ಮ ಕೆಲಸವನ್ನು ಅದರ ಫಲದಿಂದಲೇ ಅಳೆಯುತ್ತಾರೆ. ಮರುದಿನ ಅದೇ ತಂಡ ಟೆಂಟಿನ ಜಾಗಕ್ಕಾಗಿ ಹುಡುಕಾಡುವಾಗ ಒಬ್ಬಳು ನೆಲದ ಇಳಿಜಾರನ್ನು ನೋಡುತ್ತಾಳೆ, ಇನ್ನೊಬ್ಬ ಮೇಲೆ ಒಣಗಿದ ಕೊಂಬೆಗಳಿವೆಯೇ ಎಂದು ನೋಡುತ್ತಾನೆ, ಮೂರನೆಯವನು ಎಲ್ಲರ ಅಭಿಪ್ರಾಯ ಕೇಳಿ ಹೊತ್ತು ಮುಳುಗುವುದರೊಳಗೆ ಒಂದು ತೀರ್ಮಾನಕ್ಕೆ ತರುತ್ತಾನೆ. ನಾನು ನಾಯಕತ್ವ ಎಂದು ಕರೆಯುವುದು ಈ ಮೂರನೆಯ ಕೆಲಸವನ್ನು ಮಾತ್ರವಲ್ಲ, ಮೂರನ್ನೂ.

ಎಲ್ಲರನ್ನೂ ನಾಯಕರನ್ನಾಗಿ ಮಾಡಿದರೆ ಮಾತು ಕೇಳುವವರು ಯಾರು?

ನೋಲ್ಸ್ ಸಂಸ್ಥೆಯ ಬೋಧನೆಯಲ್ಲಿ ಇದಕ್ಕೊಂದು ಒಳ್ಳೆಯ ಉತ್ತರವಿದೆ. ಅವರು ನಾಯಕತ್ವವನ್ನು ನಾಲ್ಕು ಪಾತ್ರಗಳಾಗಿ ಬಿಡಿಸುತ್ತಾರೆ: ಆ ದಿನಕ್ಕೆ ನೇಮಕಗೊಂಡ ನಾಯಕ, ಅವನನ್ನು ಕಣ್ಣು ಬಿಟ್ಟುಕೊಂಡು ಅನುಸರಿಸುವ ಸಕ್ರಿಯ ಅನುಯಾಯಿ, ಹೇಳಿಸಿಕೊಳ್ಳದೆ ಬೇಕಾದ ಕೆಲಸಕ್ಕೆ ಕೈಹಾಕುವ ಸಮಾನ ಸಂಗಾತಿ, ಮತ್ತು ತನ್ನನ್ನು ತಾನು ನಡೆಸಿಕೊಳ್ಳುವ ವ್ಯಕ್ತಿ. ದಿನಕ್ಕೊಬ್ಬರಂತೆ ನಾಯಕರು ಬದಲಾಗುವುದರಿಂದ ಇಂದು ಆಜ್ಞೆ ಕೊಟ್ಟವನು ನಾಳೆ ಕೇಳಬೇಕಾಗುತ್ತದೆ. ಒಮ್ಮೆ ನಾಯಕನಾಗಿ ಕಷ್ಟ ಅನುಭವಿಸಿದವನು ಮರುದಿನ ಒಳ್ಳೆಯ ಅನುಯಾಯಿಯಾಗುತ್ತಾನೆ ಎಂಬುದನ್ನು ಪ್ರತಿ ಶಿಬಿರದಲ್ಲೂ ಕಾಣುತ್ತೇನೆ.

ದಣಿದು ಬಂದ ಮಕ್ಕಳನ್ನು ಸಂಜೆ ವೃತ್ತವಾಗಿ ಕೂರಿಸಿ ಮಾತಾಡಿಸುವುದು ಏಕೆ? ಮಲಗಲು ಬಿಡಬಾರದೇ?

ಮಾತಾಡದೆ ಬಿಟ್ಟರೆ ಅನುಭವ ಬರಿಯ ನೆನಪಾಗಿ ಉಳಿಯುತ್ತದೆ. ಎಲ್ಲ ಅನುಭವವೂ ಶಿಕ್ಷಣವಲ್ಲ, ಕೆಲವು ಅನುಭವಗಳು ತಪ್ಪನ್ನೇ ಕಲಿಸಬಹುದು ಎಂದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಷ್ಟು ಹಿಂದೆಯೇ ವಾದಿಸಿದ್ದರು. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ನಾಲ್ಕು ಹಂತಗಳಿವೆ: ಅನುಭವಿಸುವುದು, ಅದನ್ನು ಹಿಂತಿರುಗಿ ನೋಡುವುದು, ಅದರಿಂದ ಒಂದು ತಿಳಿವನ್ನು ಕಟ್ಟಿಕೊಳ್ಳುವುದು, ಆ ತಿಳಿವನ್ನು ಮತ್ತೆ ಪ್ರಯೋಗಿಸಿ ನೋಡುವುದು. ಹಗಲು ಮೊದಲ ಹಂತವಾದರೆ ಸಂಜೆಯ ವೃತ್ತ ನಡುವಿನ ಎರಡು ಹಂತಗಳಿಗೆ ಮೀಸಲು.

ಆದರೆ ಈ ಮಾತುಕತೆ ಇಪ್ಪತ್ತು ನಿಮಿಷ ದಾಟಬಾರದು, ಮತ್ತು ಊಟವಾದ ಮೇಲೆಯೇ ನಡೆಯಬೇಕು. ‘ಇವತ್ತು ಏನು ಕಲಿತಿರಿ?’ ಎಂಬ ಪ್ರಶ್ನೆಗೆ ಮಕ್ಕಳು ದೊಡ್ಡವರಿಗೆ ಇಷ್ಟವಾಗುವ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ‘ದಾರಿ ಕವಲಾದಲ್ಲಿ ನಿಂತಾಗ ನಿನಗೆ ಗೊತ್ತಿದ್ದೂ ನೀನು ಹೇಳದೆ ಉಳಿದದ್ದು ಏನು?’ ಎಂದು ಕೇಳಿದರೆ ವೃತ್ತದಲ್ಲಿ ಮೌನ ಬೀಳುತ್ತದೆ, ಆಮೇಲೆ ನಿಜವಾದ ಮಾತು ಹೊರಡುತ್ತದೆ.

ಮಗುವನ್ನು ಕಾಡಿನಲ್ಲಿ ಒಂಟಿಯಾಗಿ ಕೂರಿಸುತ್ತೀರಂತೆ. ಅದು ಶಿಕ್ಷೆಯಲ್ಲವೇ?

‘ಸೋಲೋ’ ಎಂದು ಕರೆಯುವ ಈ ಅಭ್ಯಾಸದಲ್ಲಿ ಶಿಬಿರಾರ್ಥಿಯು ಗೊತ್ತುಮಾಡಿದ ಜಾಗದಲ್ಲಿ ಕೆಲವು ಗಂಟೆ, ಹಿರಿಯ ವಯಸ್ಸಿನವರಾದರೆ ಒಂದು ಹಗಲು ರಾತ್ರಿ, ಒಬ್ಬನೇ ಇರುತ್ತಾನೆ. ಊಟ, ನೀರು, ಮಳೆಗೆ ಮರೆ, ಸೀಟಿ ಅವನ ಬಳಿಯಿರುತ್ತವೆ. ಮಾರ್ಗದರ್ಶಕರು ಕರೆದರೆ ಕೇಳುವಷ್ಟು ದೂರದಲ್ಲಿದ್ದು, ನಿಗದಿತ ಹೊತ್ತಿಗೆ ಬಂದು ನೋಡುತ್ತಾರೆ. ಬೇಡವೆಂದವರನ್ನು ಕೂರಿಸುವುದಿಲ್ಲ. ಏಳೆಂಟು ದಿನಗಳ ಗದ್ದಲದ ನಂತರ ಸಿಗುವ ಈ ಏಕಾಂತ ಅನೇಕ ಮಕ್ಕಳಿಗೆ ಇಡೀ ಶಿಬಿರದಲ್ಲಿ ಅತ್ಯಂತ ಪ್ರಿಯವಾದ ಭಾಗವಾಗಿರುತ್ತದೆ.

ಎತ್ತರಕ್ಕೆ ಹೆದರುವ ಮಗುವನ್ನು ಒತ್ತಾಯಿಸಿ ಹತ್ತಿಸುತ್ತೀರಾ? ಹಾಗೆ ಮಾಡಿದರೆ ತಾನೇ ಭಯ ಬಿಡುವುದು?

ಒತ್ತಾಯಿಸುವುದಿಲ್ಲ, ಮತ್ತು ಹಾಗೆ ಮಾಡಿದರೆ ಭಯ ಬಿಡುವುದೂ ಇಲ್ಲ. 1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭವಾದ ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಕಾರ್ಯಕ್ರಮದ ಮೂಲಕ ‘ಸವಾಲಿನ ಆಯ್ಕೆ ನಿನ್ನದು’ ಎಂಬ ತತ್ವ ಈ ಕ್ಷೇತ್ರದಲ್ಲಿ ನೆಲೆಯೂರಿತು. ಸ್ವಲ್ಪ ಅಳುಕಿರುವಾಗ ಮನಸ್ಸು ಚುರುಕಾಗಿರುತ್ತದೆ; ಅಳುಕು ದಿಗಿಲಾಗಿ ತಿರುಗಿದರೆ ಕಲಿಕೆ ಅಲ್ಲಿಗೆ ನಿಲ್ಲುತ್ತದೆ ಮತ್ತು ಮಗುವಿನಲ್ಲಿ ಉಳಿಯುವುದು ಅವಮಾನದ ನೆನಪೊಂದೇ. ಹಾಗೆಂದು ‘ಬೇಡ’ ಎಂದ ಕೂಡಲೇ ಮಗುವನ್ನು ಬದಿಗೆ ಕೂರಿಸುವುದೂ ಸರಿಯಲ್ಲ. ಹಾರ್ನೆಸ್, ಅಂದರೆ ಹಗ್ಗ ಕಟ್ಟುವ ಸೊಂಟಪಟ್ಟಿ, ತೊಟ್ಟು ನೆಲದಲ್ಲೇ ನಿಂತು ಹಗ್ಗಕ್ಕೆ ಮೈಭಾರ ಬಿಟ್ಟು ನೋಡುವುದು, ಬಂಡೆಯ ಮೇಲೆ ಮೂರು ಹೆಜ್ಜೆ ಇಟ್ಟು ಇಳಿಯುವುದು, ಮೇಲೆ ಹತ್ತುವ ಗೆಳತಿಯ ಹಗ್ಗವನ್ನು ಕೆಳಗಿನಿಂದ ಹಿಡಿಯುವುದು ಹೀಗೆ ಆಯ್ಕೆಗಳನ್ನು ಅವಳ ಮುಂದಿಡಬೇಕು. ಎಷ್ಟು ಎತ್ತರ ಎಂಬುದನ್ನು ಅವಳೇ ಹೇಳಲಿ.

## ಸುರಕ್ಷತೆ ಮತ್ತು ಆಯ್ಕೆ

ಅಪಾಯವೇ ಇಲ್ಲ ಎಂದು ಬರೆದುಕೊಡುತ್ತೀರಾ?

ಹಾಗೆ ಬರೆದುಕೊಡುವವರನ್ನು ನಂಬಬೇಡಿ. ಈ ಕ್ಷೇತ್ರದ ಸುರಕ್ಷತಾ ನಿಯಮಗಳು ಮಕ್ಕಳ ಪ್ರಾಣದ ಬೆಲೆ ತೆತ್ತು ಬಂದಿವೆ. 1971ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಹಿಮಗಾಳಿಗೆ ಸಿಕ್ಕಿದ ಶಾಲಾ ತಂಡವೊಂದರ ಐವರು ವಿದ್ಯಾರ್ಥಿಗಳೂ ಹದಿನೆಂಟು ವರ್ಷದ ಸಹಾಯಕಿಯೊಬ್ಬಳೂ ಚಳಿಯಿಂದ ಸತ್ತರು. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೋದ ನಾಲ್ವರು ವಿದ್ಯಾರ್ಥಿಗಳು ಸತ್ತರು. ಆ ದುರಂತದ ನಂತರ 1995ರಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದಿತು. ಇಂಥ ದುರಂತಗಳಲ್ಲಿ ಒಂದೇ ದೊಡ್ಡ ತಪ್ಪು ಇರುವುದು ವಿರಳ. ಬದಲಾಗುತ್ತಿದ್ದ ಹವೆ, ತಂಡದ ಶಕ್ತಿ ಮೀರಿದ ಗುರಿ, ಅನುಭವ ಸಾಲದ ಮಾರ್ಗದರ್ಶಕರು, ತಡವಾಗಿ ಹೋದ ಸಹಾಯದ ಕರೆ ಇವು ಒಂದರ ಮೇಲೊಂದು ಸೇರಿಕೊಂಡಿರುತ್ತವೆ.

ಅಪಾಯವನ್ನು ಪೂರ್ತಿ ತೆಗೆದುಹಾಕಿದರೆ ಕಲಿಕೆಯೂ ಹೋಗುತ್ತದೆ ಎಂಬುದು ನಿಜ. ಆದರೆ ಮಗುವಿನ ಕಲಿಕೆಗೆ ಬೇಕಾದ ಅಪಾಯ ಒದ್ದೆ ಸಾಕ್ಸ್, ತಡವಾದ ಊಟ, ತಪ್ಪಿದ ದಾರಿ ಇವುಗಳ ಮಟ್ಟದ್ದು. ಜೀವಕ್ಕೆ ಎರವಾಗುವ ಅಪಾಯದಿಂದ ಯಾರೂ ಏನನ್ನೂ ಕಲಿಯುವುದಿಲ್ಲ.

ಒಳ್ಳೆಯ ಕಾರ್ಯಕ್ರಮವನ್ನು ಗುರುತಿಸುವುದು ಹೇಗೆ? ಫೋನ್ ಮಾಡಿದಾಗ ಏನು ಕೇಳಬೇಕು?

‘ಕಳೆದ ಬಾರಿ ನೀವು ಗುರಿ ತಲುಪದೆ ಹಿಂತಿರುಗಿದ್ದು ಯಾವಾಗ, ಏಕೆ?’ ಎಂದು ಮೊದಲು ಕೇಳಿ. ನಾವು ಯಾವತ್ತೂ ಹಿಂತಿರುಗಿಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬಹುದು. ಆಮೇಲೆ ಮಾರ್ಗದರ್ಶಕರಲ್ಲಿ ಎಷ್ಟು ಮಂದಿಗೆ ದುರ್ಗಮ ಪ್ರದೇಶದ ಪ್ರಥಮ ಚಿಕಿತ್ಸೆಯ ತರಬೇತಿಯಾಗಿದೆ, ಒಬ್ಬರಿಗೆ ಪೆಟ್ಟಾದರೆ ಉಳಿದ ಮಕ್ಕಳ ಜೊತೆ ಇರಲು ಇನ್ನೊಬ್ಬ ದೊಡ್ಡವರಿದ್ದಾರೆಯೇ, ಪ್ರತಿ ಹಂತದಿಂದ ಆಸ್ಪತ್ರೆಗೆ ಎಷ್ಟು ಗಂಟೆಯ ದಾರಿ ಎಂದು ವಿಚಾರಿಸಿ. ಗುಡುಗು ಕೇಳಿಸಿದರೆ ಏನು ಮಾಡುತ್ತೀರಿ ಎಂದೂ ಕೇಳಬಹುದು: ಎತ್ತರದ ಬಯಲಿನಿಂದಲೂ ನೀರಿನಿಂದಲೂ ಕೂಡಲೇ ಇಳಿದು ಬಂದು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುತ್ತೇವೆ ಎಂಬುದು ಬರಬೇಕಾದ ಉತ್ತರ. ಮಗುವಿನ ಔಷಧಿ, ಅಲರ್ಜಿ, ಹಿಂದಿನ ಕಾಯಿಲೆಗಳ ಬಗ್ಗೆ ಅವರಾಗಿಯೇ ನಿಮ್ಮನ್ನು ವಿವರವಾಗಿ ಕೇಳದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟು ಜನ ಹೋದರೆ ಕಾಡು ಹಾಳಾಗುವುದಿಲ್ಲವೇ?

ಎಚ್ಚರ ತಪ್ಪಿದರೆ ಹಾಳಾಗುತ್ತದೆ. ‘ಗುರುತು ಉಳಿಸಬೇಡ’ ಎಂಬ ಅರ್ಥದ ಲೀವ್ ನೋ ಟ್ರೇಸ್ ಚಳವಳಿಯ ಏಳು ತತ್ವಗಳನ್ನು ಇಂದು ಬಹುತೇಕ ಕಾರ್ಯಕ್ರಮಗಳು ಒಪ್ಪಿಕೊಂಡಿವೆ. ಶೌಚಕ್ಕೆ ನೀರಿನ ಸೆಲೆಯಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಳಿ ತೋಡಿ ಮುಚ್ಚುವುದು, ಸೋಪಿನ ನೀರನ್ನು ಹೊಳೆಗೆ ಸೇರಿಸದಿರುವುದು, ಪ್ರಾಣಿಗಳಿಗೆ ತಿನ್ನಲು ಕೊಡದಿರುವುದು ಇವು ದಿನವೂ ಪಾಲಿಸುವ ಶಿಸ್ತುಗಳು. ಯಾರೂ ನೋಡದ ಜಾಗದಲ್ಲಿ ಸರಿಯಾಗಿ ನಡೆದುಕೊಳ್ಳುವ ಈ ಅಭ್ಯಾಸವನ್ನು ನಾನು ನಾಯಕತ್ವದ ಪಾಠದಿಂದ ಬೇರೆಯೆಂದು ಎಣಿಸುವುದಿಲ್ಲ.

## ಇನ್ನಷ್ಟು ಆಳಕ್ಕೆ

ಇದರಿಂದ ನಿಜವಾಗಿ ಬದಲಾವಣೆಯಾಗುತ್ತದೆ ಎಂಬುದಕ್ಕೆ ಆಧಾರವಿದೆಯೇ, ಅಥವಾ ನಿಮ್ಮ ನಂಬಿಕೆಯೇ?

ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ ಇಂಥ ಕಾರ್ಯಕ್ರಮಗಳ ಬಗೆಗಿನ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕಾರ್ಯಕ್ರಮ ಮುಗಿದಾಗ ಕಂಡ ಪರಿಣಾಮದ ಸರಾಸರಿ ಪ್ರಮಾಣ 0.34 ಇತ್ತು, ಮಧ್ಯಮಕ್ಕಿಂತ ಕೆಳಗಿನ, ಆದರೆ ಉಪೇಕ್ಷಿಸಲಾಗದ ಪ್ರಮಾಣ ಇದು. ಗಮನಿಸಬೇಕಾದದ್ದು ಮುಂದಿನದು: ನಂತರದ ತಿಂಗಳುಗಳಲ್ಲಿ ಮತ್ತೆ ಅಳೆದಾಗ ಅದು ಇಳಿಯುವ ಬದಲು ಇನ್ನೂ 0.17ರಷ್ಟು ಏರಿತ್ತು. ಹೆಚ್ಚು ದಿನ ನಡೆದ ಕಾರ್ಯಕ್ರಮಗಳ ಫಲಿತಾಂಶ ಉತ್ತಮವಾಗಿತ್ತು. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ವ್ಯತ್ಯಾಸವೂ ದೊಡ್ಡದಿತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಭಾಗವಹಿಸಿದವರ ಸ್ವಂತ ಹೇಳಿಕೆಗಳನ್ನು ಆಧರಿಸಿವೆ, ಮತ್ತು ಇಷ್ಟಪಟ್ಟು ಬಂದವರನ್ನು ಬಾರದವರೊಂದಿಗೆ ಹೋಲಿಸುವುದು ಸುಲಭವಲ್ಲ. ಆದ್ದರಿಂದ ಇಂಥ ಶಿಬಿರಗಳಿಂದ ಒಟ್ಟಾರೆ ಒಳ್ಳೆಯದಾಗುತ್ತದೆ ಎನ್ನಲು ಆಧಾರವಿದೆ; ನಿಮ್ಮ ಮಗುವಿಗೆ ಇಂಥದ್ದೇ ಫಲ ಸಿಗುತ್ತದೆ ಎಂದು ಭರವಸೆ ಕೊಡಲು ಇಲ್ಲ.

ಶಿಬಿರದಿಂದ ಬಂದಾಗ ಹಾಸಿಗೆ ತಾನೇ ಮಡಚುತ್ತಿದ್ದ, ಎರಡು ವಾರಕ್ಕೆ ಮತ್ತೆ ಹಳೆಯ ಹಾಗೇ ಆದ. ಏಕೆ ಹೀಗೆ?

ಅಲ್ಲಿ ಅವನ ಕೆಲಸವನ್ನು ಅವನು ಮಾಡದಿದ್ದರೆ ಅದು ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಮಾಡಿಬಿಡುತ್ತಾರೆ. ಬದಲಾದ ಮಗು ಬದಲಾಗದ ಮನೆಗೆ ಹಿಂತಿರುಗಿದಾಗ ಮನೆಯೇ ಗೆಲ್ಲುವುದು ಸಹಜ. ಇದನ್ನು ತಡೆಯಲು ಉಪದೇಶಕ್ಕಿಂತ ಅಧಿಕಾರ ಕೊಡುವುದು ಮೇಲು. ಬಂದ ಮೊದಲ ವಾರದಲ್ಲೇ ಮನೆಯ ಒಂದು ನಿಜವಾದ ಹೊಣೆಯನ್ನು, ಉದಾಹರಣೆಗೆ ವಾರಕ್ಕೊಂದು ಹೊತ್ತಿನ ಅಡುಗೆಯನ್ನು, ಸಾಮಾನು ಕೊಳ್ಳುವ ಹಣದ ಸಮೇತ ಅವನಿಗೆ ಬಿಟ್ಟುಕೊಡಿ. ಅವನು ಮರೆತ ದಿನ ನೀವು ಗುಟ್ಟಾಗಿ ಅಡುಗೆ ಮಾಡಿಡಬೇಡಿ. ಆ ಹೊತ್ತು ಎಲ್ಲರೂ ಸ್ವಲ್ಪ ಹಸಿದಿರಲಿ. ‘ಶಿಬಿರದಲ್ಲಿ ಮಾಡುತ್ತಿದ್ದೆಯಲ್ಲ, ಇಲ್ಲೇಕೆ ಆಗುವುದಿಲ್ಲ’ ಎಂಬ ಮಾತನ್ನು ಮಾತ್ರ ದಯವಿಟ್ಟು ಆಡಬೇಡಿ. ಅವನಿಗೆ ಪ್ರಿಯವಾದ ನೆನಪು ಅದರಿಂದ ಅವನ ಮೇಲಿನ ದೂರಾಗಿಬಿಡುತ್ತದೆ.

ತಂಡ ತಪ್ಪು ದಾರಿಯಲ್ಲಿ ಹೋಗುತ್ತಿದೆ ಎಂದು ಮಾರ್ಗದರ್ಶಕನಿಗೆ ಗೊತ್ತಿದ್ದರೆ ಹೇಳಬೇಕೇ, ಸುಮ್ಮನಿರಬೇಕೇ?

ಹೊಸದಾಗಿ ಶಿಬಿರ ನಡೆಸುವವರು ಕೇಳುವ ಪ್ರಶ್ನೆಗಳಲ್ಲಿ ಇದೇ ಅತಿ ಮುಖ್ಯವಾದದ್ದು. ಆರಂಭದ ವರ್ಷಗಳಲ್ಲಿ ನಾನು ಕಾಯಲಾರದೆ ಹುಡುಗಿಯೊಬ್ಬಳ ಕೈಯಿಂದ ನಕ್ಷೆ ತೆಗೆದುಕೊಂಡು ದಾರಿ ತೋರಿಸಿದ್ದೆ. ತಂಡ ಬೇಗ ತಲುಪಿತು. ಅವಳು ಉಳಿದ ಮೂರು ದಿನ ನಕ್ಷೆಯನ್ನು ಮುಟ್ಟಲಿಲ್ಲ. ನಲವತ್ತು ನಿಮಿಷ ಉಳಿಸಲು ಹೋಗಿ ನಾನು ಕಳೆದದ್ದು ಎಷ್ಟು ಎಂಬುದನ್ನು ಇಂದಿಗೂ ಮರೆತಿಲ್ಲ.

ಈಗ ನಾನು ಅನುಸರಿಸುವ ಕ್ರಮ ಇದು. ತಪ್ಪಿನ ಫಲವನ್ನು ಸರಿಪಡಿಸಿಕೊಳ್ಳಲು ಸಾಧ್ಯವಿದ್ದರೆ ಸುಮ್ಮನಿರುತ್ತೇನೆ: ಹೆಚ್ಚು ನಡೆಯಬೇಕಾದೀತು, ಕತ್ತಲಲ್ಲಿ ಅಡುಗೆ ಮಾಡಬೇಕಾದೀತು, ಅಷ್ಟೇ. ಫಲವನ್ನು ಹಿಂತೆಗೆಯಲು ಸಾಧ್ಯವಿಲ್ಲದಿದ್ದರೆ, ಅಂದರೆ ಜಾರುವ ಅಂಚು, ಏರುತ್ತಿರುವ ನೀರು, ಮೈ ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿ ಮಂಕಾಗುವುದು ಇಂಥವು ಕಂಡರೆ, ಆ ಕ್ಷಣವೇ ನಿಲ್ಲಿಸುತ್ತೇನೆ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ತಂಡ ಒಬ್ಬರನ್ನು ಗುರಿಮಾಡಿ ಹೀಯಾಳಿಸತೊಡಗಿದರೂ ಅದನ್ನು ಎರಡನೆಯ ಗುಂಪಿಗೇ ಸೇರಿಸುತ್ತೇನೆ, ಏಕೆಂದರೆ ಆ ಗಾಯವೂ ಸುಲಭವಾಗಿ ಮಾಯುವುದಿಲ್ಲ. ಈ ಎರಡರ ನಡುವಿನ ಜಾಗದಲ್ಲಿ ಉತ್ತರ ಹೇಳುವ ಬದಲು ಪ್ರಶ್ನೆ ಕೇಳುತ್ತೇನೆ: ‘ಹೊಳೆ ಈಗ ನಮ್ಮ ಯಾವ ಕೈಗೆ ಇರಬೇಕಿತ್ತು?’ ಎಂಬಷ್ಟೇ.

ಎಷ್ಟು ದೂರದವರೆಗೆ ಸುಮ್ಮನಿರಬಹುದು ಎಂಬುದನ್ನು ದಾರಿಯಲ್ಲಿ, ದಣಿದ ತಲೆಯಲ್ಲಿ, ತೀರ್ಮಾನಿಸುವುದು ಸರಿಯಲ್ಲ. ಹಿಂದಿನ ರಾತ್ರಿಯೇ ಜೊತೆಯ ಮಾರ್ಗದರ್ಶಕರೊಂದಿಗೆ ಕೂತು, ಕತ್ತಲಾಗುವ ಹೊತ್ತು, ನೀರು ಸಿಗುವ ಜಾಗ, ತಂಡದಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗ ಇವನ್ನು ಲೆಕ್ಕ ಹಾಕಿ, ನಮ್ಮ ನಕ್ಷೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಿಡುತ್ತೇವೆ. ಆ ಗೆರೆಯವರೆಗೆ ಮಾತಾಡುವುದಿಲ್ಲ, ಅದನ್ನು ದಾಟಲು ಬಿಡುವುದಿಲ್ಲ. ಬಹಳ ಸಲ ಗೆರೆಗೆ ಇನ್ನೂ ಅರ್ಧ ಗಂಟೆಯ ದಾರಿಯಿರುವಾಗಲೇ ಮುಂದೆ ಹೋಗುತ್ತಿದ್ದವರಲ್ಲಿ ಯಾರೋ ಒಬ್ಬರು ನಿಂತು, ಬೆನ್ನಿನ ಚೀಲ ಇಳಿಸಿ, ನಕ್ಷೆಯನ್ನು ಮತ್ತೆ ನೆಲದ ಮೇಲೆ ಬಿಡಿಸುತ್ತಾರೆ.